‘ಇನ್ನು ಮನೇಲಿ ಹೆಂಗಸರದ್ದೇ ದರ್ಬಾರು’ ಎನ್ನುವ ಮುಂಚೆ

ಮಾನ್ಯ ಸಂಪಾದಕರೇ,

2023ರಲ್ಲಿ ಶಕ್ತಿ ಯೋಜನೆಯ ಉಚಿತ ಬಸ್ಸು, ಅದರ ಬೆನ್ನಿಗೇ ಗೃಹಲಕ್ಷ್ಮಿಯ ತಿಂಗಳ 2,000 ರೂಪಾಯಿ ಬಂದಾಗಿನಿಂದ ‘ಇನ್ನು ಮನೇಲಿ ಹೆಂಗಸರದ್ದೇ ದರ್ಬಾರು’ ಎಂಬ ಮಾತು ಶಿರಸಿಯ ಚಾದಂಗಡಿಯಲ್ಲೂ ಕಾರವಾರದ ಮೀನುಪೇಟೆಯಲ್ಲೂ ಕೇಳುತ್ತಿದೆ. ಹಾಗೆ ಹೇಳುವವರು ಸುಳ್ಳಾಡುತ್ತಿಲ್ಲ, ಅವರಿಗೆ ನಿಜವಾಗಿಯೂ ಹಾಗೇ ಅನ್ನಿಸುತ್ತಿದೆ. ಆ ಅನ್ನಿಸಿಕೆಯನ್ನೇ ಬಿಡಿಸಿ ನೋಡಬೇಕೆಂದು ಈ ಪತ್ರ ಬರೆಯುತ್ತಿದ್ದೇವೆ. ದಾಂಪತ್ಯದಲ್ಲಿ ದನಿ ಏರುವುದಕ್ಕೆ, ಕೈ ಏಳುವುದಕ್ಕೆ ಗಂಡನ ಕೈಯಲ್ಲಿ ಅಧಿಕಾರ ಹೆಚ್ಚಾದದ್ದೇ ಕಾರಣ ಎಂದು ನಾವೆಲ್ಲ ತಿಳಿದಿರುತ್ತೇವೆ. ಎಷ್ಟೋ ಸಲ ಕಾರಣ ಬೇರೆ. ಅಧಿಕಾರ ಕೈಬಿಟ್ಟು ಹೋಗುತ್ತಿದೆ ಎಂಬ ಭಯ ಅದು. ನಿಜವಾಗಿ ಏನೂ ಹೋಗಿರಬೇಕೆಂದಿಲ್ಲ.

ಇದು ಬರೀ ಊಹೆಯಲ್ಲ. ನ್ಯೂಜಿಲೆಂಡಿನ ಮನಶ್ಶಾಸ್ತ್ರಜ್ಞರಾದ ಎಮಿಲಿ ಕ್ರಾಸ್, ನಿಕೋಲಾ ಓವರಾಲ್ ಮತ್ತು ಸಂಗಡಿಗರು 2019ರಲ್ಲಿ ಪ್ರಕಟಿಸಿದ ಅಧ್ಯಯನಗಳಲ್ಲಿ, ಈ ಸಂಬಂಧದಲ್ಲಿ ನಿಮ್ಮ ಮಾತು ಎಷ್ಟು ನಡೆಯುತ್ತದೆ ಎಂದು ಜೋಡಿಗಳನ್ನು ಕೇಳಲಾಗಿತ್ತು. ‘ಹೆಂಗಸರು ಗಂಡಸರನ್ನು ಮುಷ್ಟಿಯಲ್ಲಿಟ್ಟುಕೊಳ್ಳಲು ನೋಡುತ್ತಾರೆ’ ಎಂಬಂಥ ಧೋರಣೆ ಗಟ್ಟಿಯಾಗಿದ್ದ ಗಂಡಸರು ತಮ್ಮ ಮಾತು ನಡೆಯುವುದು ಕಡಿಮೆ ಎಂದರು. ಅವರ ಸಂಗಾತಿಯರ ಉತ್ತರವನ್ನು ಪಕ್ಕಕ್ಕಿಟ್ಟು ನೋಡಿದರೆ, ಈ ಗಂಡಸರು ತಮ್ಮ ಬಲವನ್ನು ಇದ್ದದ್ದಕ್ಕಿಂತ ಕಡಿಮೆ ಅಳೆದುಕೊಂಡಿದ್ದರು. ಬೈಗುಳ, ಚುಚ್ಚುಮಾತು, ಬೆದರಿಕೆ ಹುಟ್ಟುತ್ತಿದ್ದದ್ದು ಆ ತಪ್ಪು ಅಳತೆಯಿಂದ.

ಹೀಗೇಕಾಗುತ್ತದೆ? ಒಟ್ಟಿಗೆ ಬಾಳುವಾಗ ಇಬ್ಬರೂ ಒಬ್ಬರನ್ನೊಬ್ಬರು ನೆಚ್ಚಲೇಬೇಕು. ಜ್ವರ ಬಂದಾಗ ಗಂಜಿ, ಮನಸ್ಸು ಕೆಟ್ಟಾಗ ಎರಡು ಮಾತು, ಮಗುವಿನ ಶಾಲೆಯ ಓಡಾಟ, ಎಲ್ಲದಕ್ಕೂ ಇನ್ನೊಬ್ಬರು ಬೇಕು. ಹೆಣ್ಣು ಗಂಡನ್ನು ಎದುರಾಳಿಗಳೆಂದು ಕಾಣುವವನಿಗೆ ಈ ಸಹಜ ಅವಲಂಬನೆಯೇ ಸೋಲಿನಂತೆ ಕಾಣುತ್ತದೆ. ಹೆಂಡತಿ ‘ನಾಳೆ ತವರಿಗೆ ಹೋಗಿ ಬರ್ತೆ’ ಎಂದರೆ ಅವನ ಕಿವಿಗೆ ಅದು ಸವಾಲು. ಇಂಥವನಿಗೆ ಮನೆಯಲ್ಲಿ ಇನ್ನಷ್ಟು ಅಧಿಕಾರ ಕೊಟ್ಟರೆ ಸಿಟ್ಟು ಇಳಿಯುತ್ತದೆ ಎಂದು ಹಿರಿಯರು ಹೇಳುವ ‘ಸ್ವಲ್ಪ ಅನುಸರಿಸಿಕೊಂಡು ಹೋಗು ತಂಗಿ’ ಫಲಿಸದಿರುವುದು ಅದಕ್ಕೇ. ಕೊರತೆ ಇರುವುದು ಅಧಿಕಾರದಲ್ಲಲ್ಲ, ಅದನ್ನು ಅಳೆಯುವ ಸೇರಿನಲ್ಲಿ. ಎಷ್ಟು ಸುರಿದರೂ ತುಂಬುವುದಿಲ್ಲ.

ಸಿಟ್ಟಿನ ಮುಖ ಎಲ್ಲರಿಗೂ ಕಾಣುತ್ತದೆ, ಅಕ್ಕರೆಯ ಮುಖ ಕಾಣುವುದಿಲ್ಲ. 1996ರಲ್ಲಿ ಅಮೆರಿಕದ ಪೀಟರ್ ಗ್ಲಿಕ್ ಮತ್ತು ಸೂಸನ್ ಫಿಸ್ಕ್ 22 ಹೇಳಿಕೆಗಳ ಒಂದು ಅಳತೆಪಟ್ಟಿ ಮಾಡಿದರು. 11 ಹೇಳಿಕೆಗಳಲ್ಲಿ ಹೆಣ್ಣಿನ ಮೇಲಿನ ಕಿಡಿ, ಉಳಿದ 11ರಲ್ಲಿ ‘ಹೆಣ್ಣನ್ನು ಗಂಡು ಕಾಪಾಡಬೇಕು, ಪೂಜಿಸಬೇಕು’ ಎಂಬ ಬಗೆಯ ಮಾತು. 2000ದಲ್ಲಿ 19 ದೇಶಗಳ 15,000ಕ್ಕೂ ಹೆಚ್ಚು ಜನರ ಉತ್ತರ ಬಂದಾಗ ಕಂಡದ್ದೇನೆಂದರೆ, ಕಿಡಿ ಹೆಚ್ಚಿರುವ ದೇಶದಲ್ಲೇ ಪೂಜೆಯೂ ಹೆಚ್ಚು. ಗಂಡಸರ ಕಿಡಿ ಜಾಸ್ತಿಯಿದ್ದ ಕಡೆ ಹೆಂಗಸರೇ ‘ನಮ್ಮನ್ನು ಕಾಪಾಡಬೇಕು’ ಎಂಬುದನ್ನು ಹೆಚ್ಚಾಗಿ ಒಪ್ಪಿದ್ದರು. ಬಿಸಿಲು ಜೋರಿದ್ದಲ್ಲಿ ನೆರಳು ಹುಡುಕುವುದು ಸಹಜವೇ. ಆದರೆ ಆ ನೆರಳು ಕೊಡುವವರೂ ಗಂಡಸರೇ ಆಗಿರುವುದರಿಂದ ಅವರ ಮಾತು ಮೀರುವ ಹಾಗಿಲ್ಲ.

ನಮ್ಮ ಘಟ್ಟದ ಮೇಲಿನ ತೋಟದ ಮನೆಗಳಲ್ಲಿ ಈ ಅಕ್ಕರೆಗೆ ಒಂದು ಸಿದ್ಧ ವಾಕ್ಯವೇ ಇದೆ: ‘ನಿಂಗೆಂತಕ್ಕೆ ತ್ರಾಸು, ಆನು ನೋಡ್ಕತ್ತಿ’ (ನಾನು ನೋಡಿಕೊಳ್ಳುತ್ತೇನೆ). ಬ್ಯಾಂಕಿನ ಫಾರಂ ಅವನೇ ತುಂಬುತ್ತಾನೆ, ಸೊಸೈಟಿಗೆ ಅವನೇ ಹೋಗುತ್ತಾನೆ, ಅಡಿಕೆಯನ್ನು ಒಣಗಿಸಿ ಚಾಲಿ ಮಾಡುವುದೋ ಬೇಯಿಸಿ ಕೆಂಪು ಮಾಡುವುದೋ ಅವನೇ ತೀರ್ಮಾನಿಸುತ್ತಾನೆ. ರಾತ್ರಿ ಹತ್ತರವರೆಗೆ ಕೂತು ಅಡಿಕೆ ಸುಲಿಯುವವಳಿಗೆ ಈ ಸಲ ಕ್ವಿಂಟಲ್ಲಿಗೆ ಎಷ್ಟು ಬಂತು ಎಂಬುದು ಗೊತ್ತಿರುವುದಿಲ್ಲ. ಇದರಲ್ಲಿ ಪ್ರೀತಿಯಿಲ್ಲ ಎನ್ನಲಾಗದು. ಆದರೆ ಮ್ಯಾಥ್ಯೂ ಹ್ಯಾಮಂಡ್ ಮತ್ತು ಓವರಾಲ್ ತೋರಿಸಿದ ಹಾಗೆ, ಈ ಧೋರಣೆಯ ಗಂಡಸರು ಸಹಾಯ ಮಾಡುವಾಗ ಹೆಂಡತಿಯ ಕೈಯಲ್ಲೇ ಆಗುವ ಕೆಲಸವನ್ನೂ ಕಸಿದು ತಾವೇ ಪರಿಹಾರ ಹೇಳಿಬಿಡುತ್ತಾರೆ. ‘ನನ್ನಿಂದ ಆಗುತ್ತದೆ’ ಎಂಬುದು ಅವಳಲ್ಲಿ ಮೆಲ್ಲಗೆ ಸವೆಯುತ್ತದೆ. ಅವನಿಗೆ ಒಂದು ದಿನ ಎದೆನೋವು ಬಂದು ಮಂಗಳೂರಿನ ಆಸ್ಪತ್ರೆ ಸೇರಿದಾಗ ಬೆಳೆಸಾಲ ಯಾವ ಸಂಘದ್ದು, ಕಂತು ಎಂದು, ಅಡವಿಟ್ಟ ಸರದ ಚೀಟಿ ಎಲ್ಲಿದೆ ಎಂಬುದು ಅವಳಿಗೆ ತಿಳಿಯದು. ಅವನು ಕೊಟ್ಟ ಭದ್ರತೆ ಅಲ್ಲಿಗೆ ಮುಗಿಯುತ್ತದೆ.

ಕರಾವಳಿಯ ಕಥೆ ಬೇರೆ ಎನ್ನುವವರಿದ್ದಾರೆ. ಮೀನು ಮಾರುವ ಹೆಂಗಸರ ಸೊಂಟದ ಚೀಲದಲ್ಲಿ ದುಡ್ಡಿರುತ್ತದೆ, ಗಿರಾಕಿಗೆ ಅವರು ಅಂಜುವವರಲ್ಲ, ಅದು ನಿಜ. ದುಡ್ಡು ತಂದವರ ಮಾತು ಮನೆಯಲ್ಲಿ ನಡೆಯುತ್ತದೆ ಎಂಬ ಸಿದ್ಧಾಂತವನ್ನು 1960ರಲ್ಲಿ ಬ್ಲಡ್ ಮತ್ತು ವುಲ್ಫ್ ಎಂಬ ಸಂಶೋಧಕರು ಅಮೆರಿಕದ ಡೆಟ್ರಾಯಿಟ್‌ನ ಕುಟುಂಬಗಳನ್ನು ನೋಡಿ ಮಂಡಿಸಿದ್ದರು. ಆದರೆ ದುಡಿಯುವುದು ಬೇರೆ, ದುಡಿದದ್ದು ಸಂಜೆ ಯಾರ ಕೈಗೆ ಹೋಗುತ್ತದೆ ಎಂಬುದು ಬೇರೆ. ಇನ್ನೂ ಒಂದು ಭೇದವಿದೆ. ಸಮಾಜಶಾಸ್ತ್ರಜ್ಞೆ ಕಾನ್‌ಸ್ಟಾಂಟಿನಾ ಸಾಫಿಲಿಯೋಸ್-ರಾತ್‌ಚೈಲ್ಡ್ 1976ರಲ್ಲಿ ಹೇಳಿದಂತೆ, ದೊಡ್ಡದನ್ನು ತೀರ್ಮಾನಿಸಿ ಉಳಿದದ್ದನ್ನು ಇನ್ನೊಬ್ಬರಿಗೆ ವಹಿಸುವ ಅಧಿಕಾರ ಒಂದು, ಆ ವಹಿಸಿದ್ದನ್ನು ದಿನವೂ ನಡೆಸುವ ಅಧಿಕಾರ ಇನ್ನೊಂದು. ಕಿರಾಣಿ ಚೀಟಿ ಬರೆಯುವುದು, ಸಾರಿಗೆ ಯಾವ ಮೀನು ಎನ್ನುವುದು ಎರಡನೆಯದು. ‘ಒಳಗಿನದ್ದೆಲ್ಲ ಅವಳದ್ದೇ’ ಎನ್ನುವವರು ಎರಡನೆಯದನ್ನು ತೋರಿಸಿ ಮೊದಲನೆಯದನ್ನು ಮರೆಸುತ್ತಾರೆ.

ಹಾಗಾದರೆ ಅಧಿಕಾರವನ್ನು ಅಳೆಯುವುದು ಹೇಗೆ? ಒಂದು ನೋಟ್‌ಬುಕ್ಕಿನ ಹಾಳೆ ಸಾಕು. ಒಂದು ತಿಂಗಳಲ್ಲಿ ಆದ ಐದಾರು ತೀರ್ಮಾನ ಬರೆಯಿರಿ: ಅವಳ ಚಿಕಿತ್ಸೆ, ತವರಿಗೆ ಹೋಗುವುದು, ದೊಡ್ಡ ಖರೀದಿ (ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಕೇಳುವುದೂ ಈ ಮೂರನ್ನೇ), ಜೊತೆಗೆ ಫಸಲಿನ ಮಾರಾಟ, ಚಿನ್ನದ ಸಾಲ, ಮಗಳ ಕಾಲೇಜು. ಪ್ರತಿಯೊಂದರ ಮುಂದೆ ಮಾತು ಎತ್ತಿದವರು ಯಾರು, ಕಡೆಯ ಮಾತು ಯಾರದ್ದು, ಇನ್ನೊಬ್ಬರು ‘ಬೇಡ’ ಅಂದಿದ್ದರೆ ಏನಾಗುತ್ತಿತ್ತು ಎಂದು ಬರೆಯಿರಿ. ಇಬ್ಬರೂ ಬೇರೆ ಬೇರೆ ಕೂತು ಬರೆಯಬೇಕು. ಒಟ್ಟಿಗೆ ಕೂತರೆ ಒಬ್ಬರ ಮುಖ ನೋಡಿ ಇನ್ನೊಬ್ಬರು ಬರೆಯುತ್ತಾರೆ. ಮುಖ್ಯವಾದದ್ದು ಕೊನೆಯ ಪ್ರಶ್ನೆ. ‘ಇಬ್ಬರೂ ಕೂಡಿ ತೀರ್ಮಾನಿಸಿದೆವು’ ಎಂದು ಬರೆದ ಮನೆಯಲ್ಲೂ ಅವಳ ‘ಬೇಡ’ಕ್ಕೆ ಮೂರು ದಿನ ಮಾತುಬಿಡುವ ಶಿಕ್ಷೆಯಿದ್ದರೆ ಅದು ಕೂಡಿ ಮಾಡಿದ ತೀರ್ಮಾನವಲ್ಲ.

ಮಾತುಬಿಡುವ ವಿಷಯಕ್ಕೆ ಬಂದರೆ, ಹೆಂಗಸರು ಹಿಡಿದದ್ದು ಬಿಡುವುದಿಲ್ಲ, ಗಂಡಸರು ಪಾಪ ಸುಮ್ಮನಿರುತ್ತಾರೆ ಎಂದೇ ಹೇಳುವುದು ರೂಢಿ. 1990ರಲ್ಲಿ ಮನಶ್ಶಾಸ್ತ್ರಜ್ಞರಾದ ಕ್ರಿಸ್ಟೆನ್ಸನ್ ಮತ್ತು ಹೀವಿ ಜೋಡಿಗಳಿಗೆ ಚರ್ಚಿಸಲು ವಿಷಯ ಕೊಟ್ಟು ಇದನ್ನು ಪರೀಕ್ಷಿಸಿದರು. ಹೆಂಡತಿ ಬದಲಾವಣೆ ಬಯಸಿದ ವಿಷಯದಲ್ಲಿ ಅವಳು ಒತ್ತಾಯಿಸುತ್ತಾಳೆ, ಅವನು ಜಾರಿಕೊಳ್ಳುತ್ತಾನೆ. ಬದಲಾವಣೆ ಗಂಡನಿಗೆ ಬೇಕಾದ ವಿಷಯ ಕೊಟ್ಟಾಗ ಈ ಅಂತರ ಉಳಿಯಲಿಲ್ಲ. ಇದ್ದದ್ದು ಇದ್ದಂತೇ ಇದ್ದರೆ ಯಾರಿಗೆ ಅನುಕೂಲವೋ ಅವರು ಎಲೆಯಡಿಕೆಯ ಕವಳ ಹಾಕಿಕೊಂಡು ಜಗಲಿಗೆ ಹೋಗಿ ಕೂರುತ್ತಾರೆ. ಅವನ ಮೌನವನ್ನು ತಾಳ್ಮೆ ಎಂದೂ ಅವಳ ಮಾತನ್ನು ಜಗಳಗಂಟಿತನ ಎಂದೂ ಕರೆಯುವುದು ಅನ್ಯಾಯ. ತಲೆ ಕಾದಿದ್ದರೆ ಎದ್ದು ಹೋಗುವುದು ತಪ್ಪಲ್ಲ. ಮೈ ತಣಿಯಲು 20 ನಿಮಿಷವಾದರೂ ಬೇಕು. ಆದರೆ ‘ಊಟ ಆದ ಮೇಲೆ ಮಾತಾಡುವ’ ಎಂದು ಹೊತ್ತು ಹೇಳಿ ಹೋಗಬೇಕು, ಹೇಳಿದ ಹೊತ್ತಿಗೆ ಅವನೇ ಬಂದು ಮಾತು ತೆಗೆಯಬೇಕು. ಈ ಎರಡನೆಯದನ್ನು ಬಿಟ್ಟರೆ ಮೊದಲನೆಯದು ಬರೀ ತಪ್ಪಿಸಿಕೊಳ್ಳುವ ದಾರಿ.

ಮತ್ತೆ ಆ 2,000 ರೂಪಾಯಿಗೆ ಬರುತ್ತೇವೆ. ಖಾತೆ ಅವಳ ಹೆಸರಿನಲ್ಲಿದೆ. ಎಟಿಎಂ ಕಾರ್ಡ್ ಎಲ್ಲಿದೆ? ಖಾತೆಗೆ ಜೋಡಿಸಿದ ಮೊಬೈಲ್ ನಂಬರ್ ಯಾರದ್ದು? ಅದು ಗಂಡನದ್ದೋ ಮಗನದ್ದೋ ಆಗಿದ್ದರೆ ದುಡ್ಡು ಬಂದ ಸಂದೇಶ ಮೊದಲು ಕಾಣುವುದು ಅವರಿಗೆ, ಒಟಿಪಿ ಬರುವುದೂ ಅವರಿಗೇ. ಇಂಥ ಮನೆಯ ಬಗ್ಗೆ ‘ಹೆಂಗಸರದ್ದೇ ದರ್ಬಾರು’ ಎನ್ನುವುದಕ್ಕೆ ಆಧಾರವಿಲ್ಲ. ಪಾಸ್‌ಬುಕ್, ಆಧಾರ್ ಹಿಡಿದು ಶಾಖೆಗೆ ಹೋಗಿ ಒಂದು ಅರ್ಜಿ ಕೊಟ್ಟರೆ ನಂಬರ್ ಬದಲಾಗುತ್ತದೆ. ಆದರೆ ಸಿಟ್ಟಿನ ಗಂಡನಿರುವ ಮನೆಯಲ್ಲಿ ಇದನ್ನು ಒಬ್ಬಳೇ ಗುಟ್ಟಾಗಿ ಮಾಡಿಸಿದರೆ ಸಂದೇಶ ನಿಂತ ದಿನವೇ ಅವನಿಗೆ ಗೊತ್ತಾಗುತ್ತದೆ. ಸ್ವಸಹಾಯ ಸಂಘದ ಹತ್ತು ಜನರೂ ಒಂದೇ ದಿನ ಹೋಗಿ ಬದಲಿಸಿದರೆ ಅದು ಸಂಘದ ಕೆಲಸವಾಗುತ್ತದೆ, ಒಬ್ಬಳ ಮೇಲೆ ಬರುವುದಿಲ್ಲ.

ಇಷ್ಟೆಲ್ಲ ಹೇಳಲು ಕಾರಣವಿದೆ. 2019–21ರ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಕರ್ನಾಟಕದ 18ರಿಂದ 49ರ ವಯಸ್ಸಿನ ವಿವಾಹಿತೆಯರಲ್ಲಿ ಶೇ 44 ಮಂದಿ ಗಂಡನಿಂದ ದೈಹಿಕ ಅಥವಾ ಲೈಂಗಿಕ ಹಿಂಸೆ ಅನುಭವಿಸಿದ್ದಾಗಿ ಹೇಳಿದ್ದಾರೆ. ದೇಶದ ಸರಾಸರಿ ಶೇ 29. ಅತ್ತೆ-ಮಾವನಿಗೆ ಅಗೌರವ, ಹೇಳದೆ ಹೊರಗೆ ಹೋಗುವುದು, ಎದುರುಮಾತು ಮೊದಲಾದ ಏಳು ಕಾರಣಗಳಲ್ಲಿ ಒಂದಕ್ಕಾದರೂ ಗಂಡ ಹೊಡೆಯುವುದು ಸರಿ ಎಂದವರು ನಮ್ಮ ರಾಜ್ಯದ ಗಂಡಸರಲ್ಲಿ ಶೇ 82, ಹೆಂಗಸರಲ್ಲಿ ಶೇ 77. ಹೊಡೆತ ತಿನ್ನುವವಳೇ ಸರಿ ಎನ್ನುವಾಗ ಊರ ಹಿರಿಯರು ಕೂಡಿಸುವ ರಾಜಿ ಪಂಚಾಯಿತಿಕೆಯಲ್ಲಿ ಅವಳು ಬಾಯಿ ಬಿಡುತ್ತಾಳೆಂದು ನಂಬುವುದು ಹೇಗೆ?

ರಾಜಿಗೆ ಕೂರುವ ಹಿರಿಯರಲ್ಲಿ ನಮ್ಮ ಕಳಕಳಿಯ ವಿನಂತಿಯಿದು. ಕೈ ಎತ್ತಿದ ಸುಳಿವು ಇದ್ದರೆ ಇಬ್ಬರನ್ನೂ ಒಂದೇ ಚಾಪೆಯ ಮೇಲೆ ಕೂರಿಸಬೇಡಿ. ಅಲ್ಲಿ ಅವಳು ಆಡಿದ ಪ್ರತಿ ಮಾತಿಗೂ ಮನೆಗೆ ಹೋದ ಮೇಲೆ ಲೆಕ್ಕ ಕೊಡಬೇಕಾಗುತ್ತದೆ. ಅವಳೊಬ್ಬಳನ್ನೇ ಬೇರೆ ದಿನ, ಅತ್ತೆ-ನಾದಿನಿಯರ ಕಿವಿಗೆ ಬೀಳದ ಕಡೆ, ಆಶಾ ಅಥವಾ ಅಂಗನವಾಡಿ ಕಾರ್ಯಕರ್ತೆಯ ಜೊತೆಯಲ್ಲಿ ಕೇಳಿ. ‘ಹೊಡೀತಾನಾ?’ ಎಂದರೆ ‘ಇಲ್ಲ’ ಎಂಬ ಉತ್ತರ ಬರುತ್ತದೆ. ‘ನೀನು ಬೇಡ ಅಂದ್ರೆ ಅವ ಎಂತ ಮಾಡ್ತಾನೆ?’ ಎಂದು ಕೇಳಿ ಸುಮ್ಮನೆ ಕಾಯಿರಿ. ದುಡ್ಡು ಕೊಡದೆ ಕಾಡುವುದೂ 2005ರ ಕೌಟುಂಬಿಕ ಹಿಂಸೆ ತಡೆ ಕಾಯ್ದೆಯ ಪ್ರಕಾರ ಹಿಂಸೆಯೇ ಎಂದು, ಆ ಮನೆಯಲ್ಲಿ ಇರುವ ಹಕ್ಕು ಅವಳಿಗಿದೆ ಎಂದು ತಿಳಿಸಿ. ತಾಲ್ಲೂಕಿನ ಶಿಶು ಅಭಿವೃದ್ಧಿ ಯೋಜನಾಧಿಕಾರಿಯೇ ಈ ಕಾಯ್ದೆಯಡಿ ಸಂರಕ್ಷಣಾಧಿಕಾರಿ. ಸಹಾಯವಾಣಿ 181, ತುರ್ತಿಗೆ 112. ಈ ನಂಬರುಗಳನ್ನು ಅವಳಿಗೆ ವಾಟ್ಸಾಪ್‌ನಲ್ಲಿ ಕಳಿಸಬೇಡಿ. ಆ ಫೋನ್ ರಾತ್ರಿ ಯಾರ ಕೈಯಲ್ಲಿರುತ್ತದೋ ನಿಮಗೆ ಗೊತ್ತಿಲ್ಲ. ಬಾಯಲ್ಲಿ ಹೇಳಿ, ಅವಳಿಂದ ಎರಡು ಸಲ ಹೇಳಿಸಿ.

– ಕುಟುಂಬ ಆಪ್ತಸಮಾಲೋಚಕರು, ಶಿರಸಿ