ಹಳೆಯ ಯುದ್ಧವಿಮಾನಗಳ ಲೆಕ್ಕಕ್ಕೆ ಬಾಲದ ನಂಬರು ಸಾಲದು

ಮಾನ್ಯ ಸಂಪಾದಕರೇ,

ಸಣ್ಣ ದೇಶವೊಂದರ ವಾಯುಪಡೆ ಹಳೆಯ ಯುದ್ಧವಿಮಾನ ಕೊಂಡ ಸುದ್ದಿ ನಮ್ಮ ಪತ್ರಿಕೆಗಳಲ್ಲಿ ಸಾಮಾನ್ಯವಾಗಿ ಎರಡು ಅಂಕಿಗಳಲ್ಲಿ ಮುಗಿಯುತ್ತದೆ: ಎಷ್ಟು ವಿಮಾನ, ಎಷ್ಟು ಹಣ. ಆ ವಾಯುಪಡೆಯ ಬಲ ನಿಜಕ್ಕೂ ಹೆಚ್ಚಿತೇ ಎಂಬುದು ಈ ಎರಡರಿಂದ ತಿಳಿಯುವುದಿಲ್ಲ. ಸೆಕೆಂಡ್ ಹ್ಯಾಂಡ್ ಕಾರು ತರುವಾಗ ಆರ್‌ಸಿ, ಚಾಸಿ ನಂಬರು, ಎಂಜಿನ್ ನಂಬರು, ಓಡಿದ ಕಿಲೋಮೀಟರು ಇಷ್ಟನ್ನೂ ನೋಡುತ್ತೇವೆ. ವಿಮಾನದ ಸುದ್ದಿಯಲ್ಲೂ ಅಷ್ಟು ಕೇಳಬೇಕು ಎಂಬುದಷ್ಟೇ ಈ ಪತ್ರದ ವಿಷಯ.

ನಮ್ಮ ವಾಯುಪಡೆಯಲ್ಲೇ ಇದ್ದ ವಿಮಾನಗಳನ್ನು ನೋಡಿ. 1997ರಲ್ಲಿ 8, 1999ರಲ್ಲಿ 10, ಒಟ್ಟು 18 ಸುಖೋಯ್-30ಕೆ ರಷ್ಯಾದಿಂದ ಬಂದು ಪುಣೆಯಲ್ಲಿ ನೆಲೆ ನಿಂತವು. ಮುಂಭಾಗದ ಪುಟ್ಟ ರೆಕ್ಕೆಗಳಾಗಲಿ, ದಿಕ್ಕು ಬದಲಿಸುವ ಎಂಜಿನ್ ನಳಿಕೆಗಳಾಗಲಿ ಇಲ್ಲದ ಮಾದರಿ ಅದು. ಸುಧಾರಿತ ಸುಖೋಯ್-30 ಎಂಕೆಐ ಕೈಗೆ ಬಂದ ಮೇಲೆ ಇವನ್ನು ರಷ್ಯಾಕ್ಕೆ ಮರಳಿಸಲಾಯಿತು. ಆದರೆ ಅವು 2011ರಲ್ಲಿ ಹೋಗಿ ನಿಂತದ್ದು ಬೆಲಾರುಸ್‌ನ ಬರನೋವಿಚಿಯಲ್ಲಿರುವ 558ನೇ ವಿಮಾನ ದುರಸ್ತಿ ಕಾರ್ಖಾನೆಯಲ್ಲಿ. 2013ರಲ್ಲಿ ಅಂಗೋಲಾದೊಂದಿಗೆ ಮಾರಾಟದ ಮಾತಾಯಿತು, 2017ರಿಂದ ವಿಮಾನಗಳು ಅಲ್ಲಿಗೆ ತಲುಪತೊಡಗಿದವು. ಮಾರಿದ್ದು ರಷ್ಯಾ, ರಿಪೇರಿ ಬೆಲಾರುಸ್‌ನದು, ಮೊದಲು ಹಾರಿಸಿದವರು ನಾವು. ಮೊದಲ ವರದಿಗಳಲ್ಲಿ ಸಂಖ್ಯೆ 18 ಇತ್ತು, ಆಮೇಲಿನ ಹಲವು ವರದಿಗಳಲ್ಲಿ 12. ಇಂಥ ಗೊಂದಲ ಬಗೆಹರಿಯುವುದು ಒಂದೇ ರೀತಿಯಲ್ಲಿ: 18 ಕಾರ್ಖಾನೆ ಸಂಖ್ಯೆಗಳ ಪಟ್ಟಿ ಇಟ್ಟುಕೊಂಡು, ಹೊಸ ಬಣ್ಣದಲ್ಲಿ ಕಂಡ ಒಂದೊಂದನ್ನೇ ಗುರುತು ಹಾಕುತ್ತ ಹೋಗಬೇಕು.

ಬಾಲದ ಮೇಲೆ ಬರೆದ ನಂಬರು ಮಾಲೀಕ ಬದಲಾದ ಕೂಡಲೇ ಬದಲಾಗುತ್ತದೆ, ಬಣ್ಣವೂ ಬದಲಾಗುತ್ತದೆ. ತಯಾರಾದ ದಿನ ಕೊಟ್ಟ ಕಾರ್ಖಾನೆ ಸಂಖ್ಯೆ ಮಾತ್ರ ಕೊನೆಯವರೆಗೆ ಉಳಿಯುತ್ತದೆ. ಅಮೆರಿಕದಲ್ಲಿ ವಿನ್ಯಾಸಗೊಂಡ ಯುದ್ಧವಿಮಾನ ಎಫ್-16ರ ವಿಷಯದಲ್ಲಿ ಈ ಕೆಲಸ ಕೊಂಚ ಸುಲಭ. ಅಮೆರಿಕದ ಸರಣಿ ಸಂಖ್ಯೆಯ ಮೊದಲ ಎರಡು ಅಂಕಿ ಆರ್ಡರ್ ಕೊಟ್ಟ ಹಣಕಾಸು ವರ್ಷವನ್ನು ಹೇಳುತ್ತವೆ. ಡೆನ್ಮಾರ್ಕ್‌ನವರು ಆ ಸರಣಿಯ ಕೊನೆಯ ಮೂರಂಕಿಯನ್ನೇ ಬಾಲದ ಮೇಲೆ ಬರೆದುಕೊಂಡಿದ್ದರು: ಇ-174 ಎಂದರೆ 78-0174. ಡೆನ್ಮಾರ್ಕ್‌ನಿಂದ 24 ಎಫ್-16 ಕೊಳ್ಳಲು 2024ರಲ್ಲಿ ಸಹಿ ಹಾಕಿದ ಅರ್ಜೆಂಟೀನಾಕ್ಕೆ ನೆಲದ ಮೇಲಿನ ತರಬೇತಿಗೆಂದು ಇನ್ನೊಂದು ವಿಮಾನವೂ ಹೋಯಿತು. ಅದು ಹಾರುವುದಲ್ಲ. ಕಳಿಸಿದ್ದನ್ನೆಲ್ಲ ಕೂಡಿ 25 ಎಂದು ಬರೆದರೆ ತಪ್ಪು.

ಕಳೆಯುವಾಗಲೂ ತಪ್ಪಾಗುತ್ತದೆ. 2016-17ರಲ್ಲಿ ಪೋರ್ಚುಗಲ್‌ನಿಂದ ರೊಮೇನಿಯಾಕ್ಕೆ 12 ಎಫ್-16 ಹೋದವು. ಪೋರ್ಚುಗಲ್ ದಾಸ್ತಾನಿನಿಂದ 12 ಕಳೆದವರು ಎಡವಿದರು. ಅವುಗಳಲ್ಲಿ 9 ಮಾತ್ರ ಪೋರ್ಚುಗಲ್ ವಾಯುಪಡೆಯವು, ಉಳಿದ 3 ಅಮೆರಿಕದ ಹೆಚ್ಚುವರಿ ದಾಸ್ತಾನಿನಿಂದ ಬಂದು ಪೋರ್ಚುಗಲ್‌ನಲ್ಲಿ ನವೀಕರಣಗೊಂಡವು.

ಇನ್ನು ಆಯುಸ್ಸಿನ ಮಾತು. ಎಫ್-16 ವಿನ್ಯಾಸಗೊಂಡದ್ದು 8,000 ಗಂಟೆಗಳ ಹಾರಾಟಕ್ಕೆ. ಅದರಲ್ಲಿ 6,500 ಮುಗಿಸಿದ ವಿಮಾನಕ್ಕೂ 3,500 ಮುಗಿಸಿದ ವಿಮಾನಕ್ಕೂ ಹೊರನೋಟದಲ್ಲಿ ವ್ಯತ್ಯಾಸ ಕಾಣದು. ವರ್ಷಕ್ಕೆ 150 ಗಂಟೆ ಹಾರಿಸುವ ವಾಯುಪಡೆಗೆ ಮೊದಲನೆಯದು ಹತ್ತು ವರ್ಷ, ಎರಡನೆಯದು ಮೂವತ್ತು ವರ್ಷ. ಸರಕು ಸಾಗಿಸುವ ಹಳೆಯ ಸಿ-130ರಲ್ಲಿ ಗಡಿಯಾರದ ಗಂಟೆಯೂ ಸಾಲದು. ಭಾರ ಹೊತ್ತು, ನೆಲಕ್ಕೆ ಹತ್ತಿರ, ಗಾಳಿಯ ಹೊಡೆತಕ್ಕೆ ಸಿಕ್ಕು ಹಾರಿದ ಒಂದು ಗಂಟೆಯನ್ನು ಒಂದಕ್ಕಿಂತ ಹೆಚ್ಚು ಗಂಟೆಯೆಂದೇ ಹಿಡಿಯುತ್ತಾರೆ. ಈ ಹೆಚ್ಚಿಸಿದ ಲೆಕ್ಕದಲ್ಲಿ 38,000 ದಾಟಿದರೆ ಅಮೆರಿಕದ ವಾಯುಪಡೆ ಹಾರಾಟಕ್ಕೆ ನಿರ್ಬಂಧ ಹಾಕುತ್ತದೆ, 45,000ಕ್ಕೆ ನೆಲಕ್ಕಿಳಿಸಿಬಿಡುತ್ತದೆ. ಬಿರುಕು ಬಿಡುವುದು ಎರಡೂ ರೆಕ್ಕೆಗಳು ಬಂದು ಸೇರುವ ನಡುಪೆಟ್ಟಿಗೆಯಲ್ಲಿ, ಅದರಲ್ಲೂ ಕೆಳಮೈಯಲ್ಲಿ. ಆ ಪೆಟ್ಟಿಗೆ ಬದಲಾಗಿದೆಯೇ ಎಂಬ ಒಂದು ಪ್ರಶ್ನೆಗೆ ಉತ್ತರ ಸಿಕ್ಕರೆ ಒಪ್ಪಂದದ ಅರ್ಧ ಬೆಲೆ ಗೊತ್ತಾದಂತೆ.

ಹಾರದೆ ನಿಂತ ವಿಮಾನಕ್ಕೂ ವಯಸ್ಸಾಗುತ್ತದೆ. ರಬ್ಬರ್ ಸೀಲು, ಇಂಧನ ಟ್ಯಾಂಕಿನ ಒಳಲೇಪ, ವೈರುಗಳ ಹೊದಿಕೆ ಇವೆಲ್ಲ ಒಣಗಿ ಬಿರಿಯುತ್ತವೆ. ರಷ್ಯಾ ಮೂಲದ ವಿಮಾನಗಳಿಗೆ ಗಂಟೆ, ವರ್ಷ ಎಂದು ಎರಡು ಮಿತಿ ಇರುವುದು ಇದಕ್ಕೇ; ಯಾವುದು ಮೊದಲು ಮುಗಿದರೂ ಓವರ್‌ಹಾಲ್ (ಪೂರ್ತಿ ಬಿಚ್ಚಿ ದುರಸ್ತಿ) ಆಗಲೇಬೇಕು. ಅಮೆರಿಕದ ಅರಿಜೋನಾ ಮರುಭೂಮಿಯ ಡೇವಿಸ್-ಮಾಂಥನ್ ನೆಲೆಯಲ್ಲಿ ನಿಲ್ಲಿಸುವ ಮುನ್ನ ಸ್ಫೋಟಕ ಕಾರ್ಟ್ರಿಜ್‌ಗಳನ್ನು ತೆಗೆದು, ಇಂಧನ ಬಸಿದು, ತೆಳು ಎಣ್ಣೆ ತುಂಬಿ, ಅದನ್ನೂ ಬಸಿದು ಕೊಳವೆಗಳ ಒಳಗೆ ಒಂದು ಪದರ ಉಳಿಸುತ್ತಾರೆ. ಗಾಳಿ ನುಗ್ಗುವ ಬಾಯಿಗಳನ್ನೂ ಗಾಜಿನ ಚಾವಣಿಯನ್ನೂ ಮುಚ್ಚಿ ಬಿಳಿ ಲೇಪ ಬಳಿಯುತ್ತಾರೆ, ಒಳಗೆ ಕಾವು ಏರದಿರಲಿ ಎಂದು. ಇಂಡೋನೇಷ್ಯಾ ಪಡೆದ 24 ಎಫ್-16 ಇಂಥ ದಾಸ್ತಾನಿನವು. ಒಡಲು ಪುಕ್ಕಟೆ, ಹಣ ಕೊಟ್ಟದ್ದು ನವೀಕರಣಕ್ಕೆ. ಯೂಟಾದ ಹಿಲ್ ನೆಲೆಯಲ್ಲಿ ಕೆಲಸ ಮುಗಿಸಿಕೊಂಡು ಮೊದಲವು 2014ರಲ್ಲಿ ಬಂದವು. ಕೊನೆಯವು ಬರುವ ಹೊತ್ತಿಗೆ ಮೂರು ವರ್ಷ ಕಳೆದಿತ್ತು. ‘ಪುಕ್ಕಟೆ ವಿಮಾನ’ ಎಂಬ ತಲೆಬರಹ ಓದುಗರನ್ನು ದಾರಿ ತಪ್ಪಿಸುತ್ತದೆ.

ಆಯುಸ್ಸು ಇದ್ದೂ ಹಾರಲಾಗದ ವಿಮಾನಗಳಿವೆ. 2019ರಲ್ಲಿ ಅರ್ಜೆಂಟೀನಾಕ್ಕೆ ಫ್ರಾನ್ಸ್‌ನಿಂದ 5 ಸೂಪರ್ ಎತಾಂದಾರ್ ಯುದ್ಧವಿಮಾನ ಬಂದವು. ಪೈಲಟ್ ಕೂರುವ ಇಜೆಕ್ಷನ್ ಸೀಟ್ ಬ್ರಿಟನ್ನಿನ ಮಾರ್ಟಿನ್-ಬೇಕರ್‌ನದು. ಸೀಟನ್ನು ಹೊರಕ್ಕೆ ಚಿಮ್ಮಿಸುವ ಕಾರ್ಟ್ರಿಜ್‌ಗಳಿಗೆ ಅವಧಿ ಇರುತ್ತದೆ. ಮುಗಿದ ಮೇಲೆ ಹೊಸದು ಹಾಕದೆ ಯಾರೂ ವಿಮಾನ ಹತ್ತುವಂತಿಲ್ಲ. ಫಾಕ್‌ಲ್ಯಾಂಡ್ ಯುದ್ಧದ ಬಳಿಕದ ಬ್ರಿಟಿಷ್ ನಿರ್ಬಂಧದಿಂದಾಗಿ ಅವು ಸಿಗಲಿಲ್ಲ. ಅಂಗೈಯಲ್ಲಿ ಹಿಡಿಯಬಹುದಾದ ಸಿಡಿಮದ್ದಿನ ಕೊಳವೆಗಾಗಿ ಐದು ಜೆಟ್‌ಗಳು ಹ್ಯಾಂಗರಿನಲ್ಲಿ ಉಳಿದವು. ಪಟ್ಟಿಗಳಲ್ಲಿ ಮಾತ್ರ ‘5, ಪೂರೈಕೆಯಾಗಿದೆ’ ಎಂದೇ ಇತ್ತು.

ಪೆರು 1990ರ ದಶಕದಲ್ಲಿ ಬೆಲಾರುಸ್‌ನಿಂದ 18 ಮಿಗ್-29 ಕೊಂಡಿತು. ತಯಾರಕರ ಜೊತೆ ಒಪ್ಪಂದವಿಲ್ಲದ್ದರಿಂದ ಬಿಡಿಭಾಗಕ್ಕೆ ಪರದಾಡಿ, ಆಮೇಲೆ ರಷ್ಯಾದಿಂದಲೇ 3 ಹೊಸ ಮಿಗ್-29 ಕೊಂಡು ಆ ಬೆಂಬಲವನ್ನು ಪಡೆದುಕೊಳ್ಳಬೇಕಾಯಿತು. ಕ್ರೊಯೇಷಿಯಾ 2018ರಲ್ಲಿ ಇಸ್ರೇಲ್‌ನ 12 ಎಫ್-16 ಆರಿಸಿತ್ತು. ಇಸ್ರೇಲ್ ಮಾಡಿದ ಮಾರ್ಪಾಡುಗಳ ಸಮೇತ ಮಾರಲು ಅಮೆರಿಕ ಒಪ್ಪದೆ 2019ರ ಜನವರಿಯಲ್ಲಿ ಅದು ಮುರಿದುಬಿತ್ತು. ಕೊನೆಗೆ ಅವರು ಕೊಂಡದ್ದು ಫ್ರಾನ್ಸ್ ಬಳಸಿದ 12 ರಫೇಲ್. ಮೂಲ ತಯಾರಕ ದೇಶದ ಲಿಖಿತ ಒಪ್ಪಿಗೆ ಬರುವವರೆಗೆ ‘ಕೊಂಡಿತು’ ಎಂದು ಬರೆಯಬಾರದು, ‘ಆರಿಸಿತು’ ಎನ್ನಬೇಕು.

‘ರಿಪೇರಿಗೆ’ ಎಂಬ ಪದವನ್ನೂ ಹಾಗೇ ನಂಬುವಂತಿಲ್ಲ. 2013ರ ಜುಲೈನಲ್ಲಿ ಕ್ಯೂಬಾದಿಂದ ಬರುತ್ತಿದ್ದಾಗ ಪನಾಮಾದಲ್ಲಿ ತಡೆದ ಉತ್ತರ ಕೊರಿಯಾದ ಚೊಂಗ್ ಚೊನ್ ಗಾಂಗ್ ಹಡಗಿನಲ್ಲಿ ಸಕ್ಕರೆ ಮೂಟೆಗಳ ಅಡಿಯಲ್ಲಿ 2 ಮಿಗ್-21, ಅವಕ್ಕೆ 15 ಎಂಜಿನ್ ಸಿಕ್ಕವು. ರಿಪೇರಿ ಮಾಡಿಸಿ ವಾಪಸು ತರಿಸಲು ಕಳಿಸಿದ್ದು ಎಂದಿತು ಕ್ಯೂಬಾ. ಎರಡು ವಿಮಾನಕ್ಕೆ ಹದಿನೈದು ಎಂಜಿನ್ ಏಕೆ ಎಂದು ಕೇಳಬೇಕಾದದ್ದು ಅಲ್ಲೇ. ಎಂಜಿನ್ನಿಗೂ ವಿಮಾನಕ್ಕೂ ಬೇರೆ ಬೇರೆ ಲೆಕ್ಕ ಇಡಬೇಕಾದ ಕಾರಣವೂ ಇದೇ.

ಸಾರ್ವಜನಿಕ ದಾಖಲೆಗಳಿವೆ, ಅವುಗಳ ಮಿತಿ ತಿಳಿದು ಬಳಸಬೇಕು. ವಿಶ್ವಸಂಸ್ಥೆಯ ಶಸ್ತ್ರಾಸ್ತ್ರ ನೋಂದಣಿಯಲ್ಲಿ ಯುದ್ಧವಿಮಾನ ಬರುತ್ತದೆ, ಸರಕು ವಿಮಾನ ಬರುವುದಿಲ್ಲ. ವರದಿ ಕೊಡುವುದೂ ಆಯಾ ದೇಶದ ಇಚ್ಛೆ. ಶಸ್ತ್ರಾಸ್ತ್ರ ವ್ಯಾಪಾರದ ಲೆಕ್ಕ ಇಡುವ ಸ್ಟಾಕ್‌ಹೋಮ್‌ನ ಸಿಪ್ರಿ ಸಂಸ್ಥೆ ಬಳಸಿದ ವಿಮಾನಕ್ಕೆ ಹೊಸದರ ಮೌಲ್ಯದ 40 ಶೇಕಡಾ, ಚೆನ್ನಾಗಿ ನವೀಕರಿಸಿ ಕೊಟ್ಟದ್ದಕ್ಕೆ 66 ಶೇಕಡಾ ಹಿಡಿಯುತ್ತದೆ. ಅದು ಬಲದ ಅಳತೆ, ಕೊಟ್ಟ ಹಣವಲ್ಲ. ಅದನ್ನು ಡಾಲರ್ ಎಂದು ಅಚ್ಚು ಹಾಕಿದ ವರದಿಗಳು ತಪ್ಪು.

ಬೆಂಗಳೂರಿನ ಪತ್ರಿಕೆಗೆ ಈ ಎಚ್ಚರ ಇನ್ನೂ ಹೆಚ್ಚು ಬೇಕು. ಇಲ್ಲಿನ ಎಚ್‌ಎಎಲ್‌ನಲ್ಲಿ ತಯಾರಾಗಿ ಇಲ್ಲೇ ಓವರ್‌ಹಾಲ್ ಆಗುವ ಜಾಗ್ವಾರ್ ವಿಮಾನಗಳನ್ನು ಈಗ ಹಾರಿಸುತ್ತಿರುವುದು ಭಾರತ ಮಾತ್ರ. ಫ್ರಾನ್ಸ್‌ನಿಂದ 31 ಹಳೆಯ ಜಾಗ್ವಾರ್ ಒಡಲು ಪಡೆಯುವ ವಿಷಯ 2018ರಲ್ಲಿ ಸುದ್ದಿಯಾಯಿತು. ಅವು ಬಿಚ್ಚಿ ಬಿಡಿಭಾಗ ತೆಗೆಯಲು, ಸ್ಕ್ವಾಡ್ರನ್‌ಗೆ ಸೇರಿಸಲು ಅಲ್ಲ. ಮುಂದೆ ಇಂಥ ಸುದ್ದಿ ಬಂದಾಗ ಹಾರುವುದಕ್ಕೆ ಎಷ್ಟು, ಬಿಚ್ಚುವುದಕ್ಕೆ ಎಷ್ಟು, ಉಳಿದ ಗಂಟೆ ಎಷ್ಟು, ಜೊತೆಗೆ ಬಂದ ಎಂಜಿನ್ ಎಷ್ಟು, ಬಿಡಿಭಾಗಕ್ಕೆ ಸಹಿ ಹಾಕಿದವರು ಯಾರು ಎಂಬ ಐದು ಉತ್ತರಗಳನ್ನು ವರದಿಯ ಮೊದಲ ಪ್ಯಾರಾದಲ್ಲೇ ಕೊಡಿ ಎಂದು ಕೋರುತ್ತೇನೆ.

ಇಂತಿ,
ಓದುಗ
ವಿಮಾನಪುರ, ಬೆಂಗಳೂರು