ಬಿಲ್ಡಿಂಗಿಗೆ ದುಡ್ಡುಂಟು, ಪಾಠ ಮಾಡುವವರಿಗೆ ಎಲ್ಲಿಂದ? ಉನ್ನತ ಶಿಕ್ಷಣ ಸಚಿವರಿಗೊಂದು ಬಹಿರಂಗ ಪತ್ರ

ಮಾನ್ಯ ಸಚಿವರೇ, ಮಂಗಳೂರಿಂದ ನಮಸ್ಕಾರ.

ರಾಜ್ಯದ ಯುನಿವರ್ಸಿಟಿಗಳಿಗೆ ನೀವು ಸಹಕುಲಾಧಿಪತಿ ಕೂಡ, ಅದಕ್ಕೇ ಕುಲಪತಿಗಳನ್ನು ಬಿಟ್ಟು ಸೀದಾ ನಿಮಗೇ ಬರೀತಿದ್ದೇನೆ. ಕೇಳುದು ಇಷ್ಟೇ ಸರ್, ಹೊಸ ಬ್ಲಾಕ್ ಮಂಜೂರು ಮಾಡುವಾಗ ಅದರೊಳಗೆ ಪಾಠ ಮಾಡುವವರ ಹುದ್ದೆಯನ್ನೂ ಅದೇ ಫೈಲಲ್ಲಿ ಮಂಜೂರು ಮಾಡಿ, ಅದಾಗುದಿಲ್ಲ ಅಂತಾದ್ರೆ ಬ್ಲಾಕೂ ಬೇಡ.

ಕಷ್ಟ ಎಲ್ಲಿ ಅಂತ ಗೊತ್ತುಂಟು. ಕಟ್ಟಡದ ಖರ್ಚು ಒಂದು ಸಲದ್ದು, ಮೇಷ್ಟ್ರದ್ದು ಮೂವತ್ತು ವರ್ಷದ ಸಂಬಳ, ಮತ್ತೆ ಪೆನ್ಶನ್, ಹಾಗಾಗಿ ಹುದ್ದೆ ಅಂದ ಕೂಡ್ಲೇ ಹಣಕಾಸು ಇಲಾಖೆಗೆ ತಲೆಬಿಸಿ. ಯುನಿವರ್ಸಿಟಿ, ಕಾಲೇಜುಗಳಿಗೆ ದುಡ್ಡು ಕೊಡುವ ಕೇಂದ್ರದ ಯೋಜನೆ ಮೊದಲು ರೂಸಾ, ಈಗ ಪಿಎಂ-ಉಷಾ, ಅದರಲ್ಲಿ ಕೇಂದ್ರದ್ದು 60 ಪಾಲು ರಾಜ್ಯದ್ದು 40, ಅದೂ ಬರುದು ಹೆಚ್ಚಾಗಿ ಕಟ್ಟಡ, ರಿಪೇರಿ, ಲ್ಯಾಬ್ ಸಾಮಾನಿಗೇ. ಮತ್ತೆ ಪಾಠ ಮಾಡುದು ಯಾರು? ಗೆಸ್ಟ್ ಲೆಕ್ಚರರ್ಸ್. ಗುತ್ತಿಗೆಯವರು ಒಟ್ಟು ಹುದ್ದೆಯ ಶೇ. 10 ದಾಟಬಾರ್ದು ಅಂತ ಯುಜಿಸಿ (ಯುನಿವರ್ಸಿಟಿಗಳಿಗೆ ನಿಯಮ ಮಾಡುವ ಕೇಂದ್ರದ ಆಯೋಗ) 2018ರ ನಿಯಮದಲ್ಲೇ ಹೇಳಿದೆ, 2019ರಲ್ಲಿ ಗೆಸ್ಟ್‌ಗಳಿಗೆ ಕ್ಲಾಸಿಗೆ 1,500 ರೂಪಾಯಿ, ತಿಂಗಳಿಗೆ 50,000ದವರೆಗೆ ಕೊಡಿ ಅಂತಲೂ ಹೇಳ್ತು. ನಮ್ಮ ಕಡೆ ಇದನ್ನು ಯಾವುದಾದ್ರೂ ಸ್ಟಾಫ್ ರೂಮಲ್ಲಿ ಓದಿ ಹೇಳಿ ನೋಡಿ, ನಗಾಡ್ತಾರೆ.

ಯುನಿವರ್ಸಿಟಿಗಳೇ ಸ್ವಂತ ದುಡ್ಡಲ್ಲಿ ಮಾಡ್ಲಿ ಅಂತೀರಾ? ನಮ್ಮ ಕೊಣಾಜೆಯ ಮಂಗಳೂರು ಯುನಿವರ್ಸಿಟಿಯನ್ನೇ ತಗೊಳ್ಳಿ. 1968ರಲ್ಲಿ ಮೈಸೂರು ಯುನಿವರ್ಸಿಟಿಯ ಪಿಜಿ ಸೆಂಟರ್ ಆಗಿದ್ದದ್ದು 1980ರಲ್ಲಿ ಸ್ವಂತ ಯುನಿವರ್ಸಿಟಿ ಆಯ್ತು, ಇಂಥಾ ಕಡೆ ಆದಾಯ ಅಂದ್ರೆ ಕಾಲೇಜುಗಳ ಅಫಿಲಿಯೇಶನ್ ಫೀಸು, ಪರೀಕ್ಷೆ ಫೀಸು. 2023ರಲ್ಲಿ ಕೊಡಗಿಗೆ ಬೇರೆ ಯುನಿವರ್ಸಿಟಿ ಬಂತು, 2024ರಲ್ಲಿ ಮಂಗಳೂರಿನ ಸಂತ ಅಲೋಶಿಯಸ್ ಕಾಲೇಜು ಡೀಮ್ಡ್ ಯುನಿವರ್ಸಿಟಿ ಆಗಿ ಸ್ವತಂತ್ರ ಆಯ್ತು. ಅವರವರ ಮಟ್ಟಿಗೆ ಅದು ಸರಿಯೇ, ಆದ್ರೆ ಆ ಕಾಲೇಜುಗಳಿಂದ ಬರ್ತಿದ್ದ ಫೀಸು ಆಚೆ ಹೋಯ್ತಲ್ಲ, ಪೆನ್ಶನ್ ಲೆಕ್ಕ ಇಲ್ಲೇ ಉಳೀತು.

ಇನ್ನು ಕಟ್ಟಡವಾದ್ರೂ ಉಳಿಯುತ್ತಾ ಅಂದ್ರೆ ಅದೂ ಇಲ್ಲ ಮಾರಾಯ್ರೆ (ಕ್ಷಮಿಸಿ, ನಮ್ಮ ಊರಿನ ಬಾಯಿ). ವರ್ಷಕ್ಕೆ 3,500 ಮಿಲಿಮೀಟರಿಗಿಂತ ಜಾಸ್ತಿ ಮಳೆ ಬೀಳುವ ಊರಿದು, ತಾರಸಿ ಮನೆ ಕಟ್ಟಿದವರೇ ನಾಲ್ಕು ಮಳೆಗಾಲ ಕಳೆಯುವಾಗ ಸಾಕಾಗಿ ಮೇಲೊಂದು ಶೀಟ್ ಹೊದಿಸ್ತಾರೆ, ಆದ್ರೆ ಬೆಂಗಳೂರಲ್ಲಿ ಪ್ಲಾನ್ ಪಾಸ್ ಮಾಡುವವರಿಗೆ ಅದು ಕಾಣುದಿಲ್ಲ, ಮೆಂಟೆನೆನ್ಸ್ ಅಂತ ಪ್ರತಿವರ್ಷ ಬೇಕಾದ ದುಡ್ಡಿಗೆ ಉದ್ಘಾಟನೆಯೂ ಇಲ್ಲ ರಿಬ್ಬನ್ನೂ ಇಲ್ಲ ನೋಡಿ.

ಅಡಿಗಲ್ಲಲ್ಲಿ ನಿಮ್ಮ ಹೆಸರು ದೊಡ್ಡದಾಗಿಯೇ ಇರ್ಲಿ, ನಮ್ಮದೇನೂ ತಕರಾರಿಲ್ಲ. ಅದರ ಕೆಳಗೆ ಆ ವಿಭಾಗಕ್ಕೆ ಮಂಜೂರಾದ ಹುದ್ದೆ ಎಷ್ಟು, ತುಂಬಿದ್ದು ಎಷ್ಟು ಅಂತಲೂ ಕೆತ್ತಿಸಿ. ಮುಂದಿನ ಬಜೆಟಿಗೆ ಮೊದಲು ಇದಕ್ಕೊಂದು ಉತ್ತರ ಬೇಕು ಸರ್, ಆಗುದಿಲ್ಲ ಅಂತಾದ್ರೂ ಅಡ್ಡಿಲ್ಲ, ಬರವಣಿಗೆಯಲ್ಲಿ ಕೊಡಿ.

ಇತಿ,
ಕೊಣಾಜೆ ಕಡೆಯ ಒಬ್ಬ ಪೋಷಕ