ಏನಂತ ಕರೀತಾರೆ ಅಂತ ಕೇಳಿದ್ದೀಯಲ್ಲ

ಚಿ. ಚೇತನನಿಗೆ ನಿನ್ನ ದೊಡ್ಡಪ್ಪ ಮಾಡುವ ಆಶೀರ್ವಾದಗಳು.

ನಿನ್ನ ಕಾಗದ ಸೋಮವಾರ ಕೈಸೇರಿತು. ಫೋನ್ ಇಟ್ಟುಕೊಂಡು ಕಾಗದ ಯಾಕೆ ಬರೆದ ಅಂತ ನಿಮ್ಮಪ್ಪನಿಗೆ ಆಶ್ಚರ್ಯ. ನನಗೆ ಆಗಲಿಲ್ಲ. ಬಾಯಲ್ಲಿ ಹೇಳೋಕಾಗದ ಮಾತನ್ನೇ ಅಲ್ವಾ ಕಾಗದದಲ್ಲಿ ಬರೆಯೋದು. ಮನೆ ಸಮಾಚಾರ, ತೋಟದ ಸಮಾಚಾರ, ಅಜ್ಜಿಯ ಮಂಡಿನೋವು ಎಲ್ಲ ನಿಮ್ಮಮ್ಮ ದಿನಾ ಹೇಳುತ್ತಾಳೆ. ಅದನ್ನೇ ಮತ್ತೆ ಬರೆಯಲ್ಲ.

ಕಾಗದದ ಕೊನೆಗೆ, ಸಹಿಯ ಮೇಲೆ, ಒಂದು ಸಾಲು ಬರೆದು ಹೊಡೆದುಹಾಕಿದ್ದೀಯ. ಕಿಟಕಿಯ ಬೆಳಕಿಗೆ ಹಿಡಿದು ಓದಿದೆ. "ನಾಲ್ಕು ವರ್ಷ ಮುಗಿದ ಮೇಲೆ ನನ್ನನ್ನು ಏನಂತ ಕರೀತಾರೆ ದೊಡ್ಡಪ್ಪ? ಮಾಜಿ ಸೈನಿಕ ಅಂತಲೂ ಅನ್ನಲ್ವಂತೆ."

ಎರಡು ರಾತ್ರಿ ಸರಿಯಾಗಿ ನಿದ್ದೆ ಬರಲಿಲ್ಲ ಮಗಾ. ನೂರಕ್ಕೆ ಇಪ್ಪತ್ತೈದು ಜನರನ್ನು ಸೇನೆಯಲ್ಲಿ ಉಳಿಸಿಕೊಳ್ತಾರೆ, ಅದರಲ್ಲಿ ನಾನಿರ್ತೀನೋ ಇಲ್ಲವೋ ಅಂತ ಮೊದಲ ಪುಟದಲ್ಲಿ ಬರೆದಿದ್ದೀಯ. ಅದು ಲೆಕ್ಕ, ಹೇಗೋ ಒಂದು ಇತ್ಯರ್ಥ ಆಗುತ್ತೆ. ನಿನ್ನ ಹೆದರಿಕೆ ಇರುವುದು ಈ ಹೊಡೆದುಹಾಕಿದ ಸಾಲಿನಲ್ಲಿ.

ನೀನು ಕೇಳಿದ್ದು ಸುಳ್ಳು ಅಂತ ಹೇಳಿ ಸಮಾಧಾನ ಮಾಡೋಕೆ ನನಗೆ ಬರಲ್ಲ. 2022ರ ಜೂನ್ 14ರಂದು ಅಗ್ನಿಪಥ ಅಂತ ಸೇನೆಗೆ ಸೇರಿಸಿಕೊಳ್ಳೋ ಯೋಜನೆ ಘೋಷಣೆ ಮಾಡಿದಾಗಲೇ ಅದೆಲ್ಲ ಇತ್ತು. ನಾಲ್ಕು ವರ್ಷ, ಪಿಂಚಣಿ ಇಲ್ಲ, ಮಾಜಿ ಸೈನಿಕರ ಪಟ್ಟ ಇಲ್ಲ. ಅವತ್ತು ನಿಮ್ಮಪ್ಪ ಬೇಡ ಅಂದಾಗ "ಹೋಗಲಿ ಬಿಡೋ, ಹುಡುಗ ಆಸೆ ಪಡ್ತಿದ್ದಾನೆ" ಅಂದವನು ನಾನು. ಟ್ರಂಕಿನಲ್ಲಿದ್ದ ನನ್ನ ಹಳೇ ಬೆಲ್ಟ್ ತೆಗೆದು ನಿನಗೆ ಕೊಟ್ಟವನೂ ನಾನೇ. ಅದಕ್ಕೇ ಈ ಸಾಲಿಗೆ ಉತ್ತರ ಬರೆಯಬೇಕಾದವನೂ ನಾನೇ ಅನ್ನಿಸಿತು.

ನಾಲ್ಕು ವರ್ಷ ಕಮ್ಮಿ ಅಂತ ನನ್ನ ಅಭಿಪ್ರಾಯ. ಆಗಲೂ ಅದೇ, ಈಗಲೂ ಅದೇ. ನಾನು ಮದ್ರಾಸ್ ಇಂಜಿನಿಯರ್ಸ್‌ನಲ್ಲಿದ್ದವನು. ಹಲಸೂರು ಕೆರೆಯ ಪಕ್ಕದ ಸೆಂಟರಿನಲ್ಲಿ ತರಬೇತಿ, ನಮ್ಮನ್ನೆಲ್ಲ ತಂಬಿ ಅಂತಲೇ ಕರೆಯೋದು. ತುಂಡು ತುಂಡು ಜೋಡಿಸಿ ಕಟ್ಟುವ ಬೈಲಿ ಸೇತುವೆಯ ಒಂದು ಪ್ಯಾನೆಲ್ಲು ಸುಮಾರು 260 ಕಿಲೋ, ಆರು ಜನ ಹೊರಬೇಕು. ಆರು ಜನರ ಹೆಜ್ಜೆ ಒಂದೇ ಆಗೋಕೆ ಎಷ್ಟು ಕಾಲ ಹಿಡಿಯುತ್ತೆ ಅಂತ ಹೊತ್ತವರಿಗೆ ಗೊತ್ತು. ಹಾಗೆ ಕಲಿತ ಹುಡುಗರಲ್ಲಿ ಮುಕ್ಕಾಲು ಪಾಲು ಜನರನ್ನು ಮನೆಗೆ ಕಳಿಸುವುದು ನನ್ನ ಮನಸ್ಸಿಗೆ ಒಗ್ಗಲ್ಲ. ಆದರೆ ಇದನ್ನು ನಿನಗೆ ಹೇಳಿ ಏನು ಪ್ರಯೋಜನ? 2024ರ ಚುನಾವಣೆಯಲ್ಲಿ ಒಂದು ಕಡೆಯವರು ಈ ಯೋಜನೆಯನ್ನೇ ತೆಗೆದುಹಾಕ್ತೀವಿ ಅಂದರು. ಸರ್ಕಾರದಲ್ಲಿದ್ದವರು ಸೇನೆ ಯುವಕರದ್ದಾಗುತ್ತೆ ಅಂದರು. ನಮ್ಮ ಹಾಸನದಲ್ಲಿ ಏಪ್ರಿಲ್ 26ಕ್ಕೆ ಮತದಾನ. ಅದಕ್ಕೂ ಮುಂಚಿನ ಒಂದು ತಿಂಗಳು ಡೈರಿಗೆ ಹಾಲು ಹಾಕೋಕೆ ಹೋದಲ್ಲೂ ಇದೇ ಮಾತು. ನಾನೂ ಕೂಗಾಡಿದೆ. ಮನೆಗೆ ಬಂದರೆ ನಿಮ್ಮಮ್ಮ ನಿನ್ನ ಫೋಟೋ ಒರೆಸುತ್ತಿದ್ದಳು. ಅವಳು ಒಂದು ಮಾತೂ ಆಡಲಿಲ್ಲ. ಈಗಲೂ ಪರ್ಸೆಂಟೇಜ್ ಜಾಸ್ತಿ ಮಾಡ್ತಾರಂತೆ ಅಂತ ವಾಟ್ಸಾಪ್‌ನಲ್ಲಿ ದಿನಕ್ಕೊಂದು ಬರುತ್ತೆ. ಹಾಗೆ ಆದರೆ ಒಳ್ಳೆಯದೇ. ಅದನ್ನು ನಂಬಿಕೊಂಡು ಕಾಯುತ್ತಾ ಮಾತ್ರ ಕೂರಬೇಡ.

ಏನಂತ ಕರೀತಾರೆ ಅಂತ ಕೇಳಿದೆ. ನನ್ನದನ್ನು ಹೇಳುತ್ತೇನೆ ಕೇಳು, ನಿಮ್ಮಪ್ಪನಿಗೂ ಹೇಳಿಲ್ಲ.

24 ವರ್ಷ ಸರ್ವಿಸ್ ಮಾಡಿ, ಹವಾಲ್ದಾರ್ ಆಗಿ, 2006ರಲ್ಲಿ ಅರಸೀಕೆರೆ ಸ್ಟೇಷನ್ನಿನಲ್ಲಿ ಇಳಿದೆ. ಪಿಂಚಣಿ ಪುಸ್ತಕ ಇತ್ತು. ಆಮೇಲೆ ಜಿಲ್ಲಾ ಸೈನಿಕ ಕಚೇರಿಯಿಂದ ಮಾಜಿ ಸೈನಿಕರ ಗುರುತಿನ ಚೀಟಿಯೂ ಬಂತು. ನಿನಗೆ ಸಿಗಲ್ಲ ಅಂತ ನೀನು ಕೊರಗುತ್ತಿರುವ ಆ ಹೆಸರು ನನ್ನ ಜೇಬಿನಲ್ಲೇ ಇತ್ತು. ಮಾರನೇ ದಿನ ಬೆಳಗ್ಗೆ ನಾಲ್ಕೂವರೆಗೆ ಎಚ್ಚರ ಆಯಿತು. ಹಾಸಿಗೆ ಮಡಿಸಿದೆ, ಗಡ್ಡ ಕೆರೆದೆ, ಶೂ ಪಾಲಿಶ್ ಮಾಡಿದೆ. ಐದೂಕಾಲಾಯಿತು. ಹೋಗೋಕೆ ಎಲ್ಲೂ ಇಲ್ಲ. ಜಗಲಿ ಮೇಲೆ ಶೂ ಹಾಕಿಕೊಂಡು ಕೂತಿದ್ದೆ. ನಿಮ್ಮ ದೊಡ್ಡಮ್ಮ ಕಸ ಗುಡಿಸಿಕೊಂಡು ಬಂದವಳು ನನ್ನ ಸುತ್ತ ಗುಡಿಸಿಕೊಂಡು ಹೋದಳು. ಮನೆಗೆ ಬಂದ ನೆಂಟನ ಸುತ್ತ ಗುಡಿಸುವ ಹಾಗೆ. ಅವಳದ್ದೇನೂ ತಪ್ಪಿಲ್ಲ. ವರ್ಷಕ್ಕೆ ಎರಡು ತಿಂಗಳು ಬಂದುಹೋಗುವವನನ್ನು ಅವಳು ಬೇರೆ ಹೇಗೆ ನೋಡಬೇಕಿತ್ತು? ಅವತ್ತು ನನಗೂ ಇದೇ ಅನ್ನಿಸಿತ್ತು ಚೇತು. ಈಗ ನಾನು ಯಾರು? ಊರವರು ಮಿಲ್ಟ್ರಿಯವರು ಅಂತ ಕರೆಯುತ್ತಿದ್ದರು. ಕರೆದಾಗಲೆಲ್ಲ ಬೇರೆ ಯಾರನ್ನೋ ಕರೆದ ಹಾಗಾಗುತ್ತಿತ್ತು. ಅದು ಕಳೆಯೋಕೆ ಎರಡು ವರ್ಷ ಹಿಡಿಯಿತು. ಚೀಟಿ ಇದ್ದವನ ಕತೆಯೇ ಇದು. ಹಾಗಾಗಿ ನಿನ್ನ ಭಯಕ್ಕೆಲ್ಲ ಚೀಟಿ ಇಲ್ಲದ್ದೇ ಕಾರಣ ಅಂದುಕೊಳ್ಳಬೇಡ.

ಆಮೇಲೆ ಬೆಂಗಳೂರಿನಲ್ಲಿ ಏಳು ವರ್ಷ ಎಟಿಎಂ ಬಾಗಿಲು ಕಾದಿದ್ದು ನಿಮಗೆಲ್ಲ ಗೊತ್ತು. ಯಾಕೆ ಕಾದೆ ಅನ್ನುವುದು ಗೊತ್ತಿಲ್ಲ. ಸರ್ಕಾರಿ ಬ್ಯಾಂಕುಗಳಲ್ಲಿ ಗುಮಾಸ್ತರ ಹುದ್ದೆಗೆ ಮಾಜಿ ಸೈನಿಕರಿಗೆ ನೂರಕ್ಕೆ 14.5 ಮೀಸಲಾತಿ ಇತ್ತು. 15 ವರ್ಷ ಸರ್ವಿಸ್ ಆದವರಿಗೆ ಪದವಿಗೆ ಸಮ ಅಂತ ಒಂದು ಸರ್ಟಿಫಿಕೇಟ್ ಕೊಡುತ್ತಿದ್ದರು, ಅದೂ ಇತ್ತು. ಪರೀಕ್ಷೆಗೆ ಕೂತೆ. ಇಂಗ್ಲಿಷಿನ ಪುಟ ತೆರೆದು ಸುಮ್ನೆ ನೋಡುತ್ತಾ ಕೂತೆ, ಒಂದೂ ತಲೆಗೆ ಹತ್ತಲಿಲ್ಲ. ಸರ್ಟಿಫಿಕೇಟ್ ಕೈಯಲ್ಲಿತ್ತು, ಓದು ಇರಲಿಲ್ಲ. ಯೂನಿಟ್ಟಿನಲ್ಲಿ ಸಂಜೆ ಹೊತ್ತು ಎಜುಕೇಶನ್ ಹವಾಲ್ದಾರ್ ಪಾಠಕ್ಕೆ ಕರೆದಾಗ ನಾನು ವಾಲಿಬಾಲ್ ಆಡೋಕೆ ಹೋಗುತ್ತಿದ್ದೆ.

ದೂರಶಿಕ್ಷಣದ ಇಗ್ನೋದಲ್ಲಿ ನಿಮಗೆ ಅಂತಲೇ ಡಿಗ್ರಿ ಇದೆಯಲ್ಲ, ಅರ್ಧ ಕ್ರೆಡಿಟ್ ತರಬೇತಿಗೇ ಕೊಡ್ತಾರೆ, ಇನ್ನರ್ಧ ಓದಿ ಬರೆಯಬೇಕು. ಅದಕ್ಕೆ ಸೇರಿದ್ದೀನಿ ಅಂತ ಹೋದ ವರ್ಷ ನೀನು ಹೇಳಿದ್ದೆ. ಈ ಕಾಗದದಲ್ಲಿ ಅದರ ಸುದ್ದಿಯೇ ಇಲ್ಲ. ಬಿಟ್ಟಿದ್ದೀಯಾ? ಬೈಯೋಕೆ ಕೇಳುತ್ತಿಲ್ಲ. ಡ್ಯೂಟಿ ಮುಗಿಸಿ ಬಂದು ಪುಸ್ತಕ ಹಿಡಿದರೆ ಕಣ್ಣು ಮುಚ್ಚುತ್ತೆ ಅನ್ನುವುದು ನನಗೂ ಗೊತ್ತು. ಆದರೂ ಆ ಉಳಿದ ಅರ್ಧ ಬಿಡಬೇಡ ಮಗಾ.

ನಿನ್ನ ಅಕ್ಕನ, ಅಂದರೆ ನನ್ನ ಮಗಳ, ಸ್ಕಾಲರ್‌ಶಿಪ್ ವಿಷಯ ಬರೆಯಬೇಕೋ ಬೇಡವೋ ಅಂತ ಯೋಚನೆ ಮಾಡಿದೆ. ಬರೆಯುತ್ತೇನೆ.

ಅವಳು ಹುಟ್ಟಿದಾಗ ನಾನು ಮೇಲೆ ಒಂದು ಪೋಸ್ಟಿನಲ್ಲಿದ್ದೆ, 1997. ಟೆಲಿಗ್ರಾಂ ಕೈಸೇರಿದ್ದು ಹನ್ನೊಂದು ದಿನ ಆದ ಮೇಲೆ. ಹೆಣ್ಣುಮಗು, ತಾಯಿ ಮಗು ಕ್ಷೇಮ ಅಂತ ಅಷ್ಟೇ ಇತ್ತು. ನನಗೆ ಆ ಸಂತೋಷದಲ್ಲಿ ಏನೂ ತೋಚಲಿಲ್ಲ. ಫಾರಂ ತುಂಬುವಾಗ ಹುಟ್ಟಿದ ದಿನ ಅಂತ ಇದ್ದ ಜಾಗದಲ್ಲಿ ಟೆಲಿಗ್ರಾಂ ಬಂದ ದಿನವನ್ನೇ ಬರೆದುಬಿಟ್ಟೆ. ಅದೇ ನನ್ನ ಡಿಸ್ಚಾರ್ಜ್ ಪುಸ್ತಕದಲ್ಲಿ ಉಳಿಯಿತು. ಶಾಲೆಯಲ್ಲಿ ಸರಿಯಾದ ತಾರೀಖು. ಎಸ್ಎಸ್ಎಲ್‌ಸಿ ಅಂಕಪಟ್ಟಿ ಬಂದಾಗ ಎರಡನ್ನೂ ಪಕ್ಕ ಇಟ್ಟು ನೋಡಿದೆ. ಅಫಿಡವಿಟ್ ಮಾಡಿಸಿ ಸೇನೆಯ ರೆಕಾರ್ಡ್ಸ್‌ಗೆ ಕಳಿಸಿದರೆ ತಿದ್ದಿಕೊಡುತ್ತಾರೆ ಅಂತ ಗೊತ್ತಿತ್ತು. ನಾಳೆ ಮಾಡಿದರಾಯಿತು ಅಂದುಕೊಂಡೆ. ಎರಡು ವರ್ಷ ನಾಳೆ ಅಂದೆ.

2015ರಲ್ಲಿ ಅವಳು ಇಂಜಿನಿಯರಿಂಗ್ ಸೇರಿದಳು. ನಮ್ಮಂಥವರ ಮಕ್ಕಳಿಗೆ ಪ್ರಧಾನಮಂತ್ರಿ ಸ್ಕಾಲರ್‌ಶಿಪ್ ಅಂತ 2006ರಿಂದ ಇದೆ. ನೂರಕ್ಕೆ ಅರವತ್ತು ಅಂಕ ಬೇಕು. ಸೇರಿದ ಮೊದಲ ವರ್ಷವೇ ಅರ್ಜಿ ಹಾಕಬೇಕು, ಆಮೇಲೆ ಹಾಕೋಕೆ ಬರಲ್ಲ. ಹೆಣ್ಣುಮಕ್ಕಳಿಗೆ ಆಗ ತಿಂಗಳಿಗೆ 2250 ರೂಪಾಯಿ, 2019ರಲ್ಲಿ ಅದನ್ನು 3000 ಮಾಡಿದರು. ಅವಳು ಸೇರಿದ 2015ರ ಬೇಸಿಗೆಯಲ್ಲೇ ದೆಹಲಿಯ ಜಂತರ್ ಮಂತರ್‌ನಲ್ಲಿ ಒನ್ ರ‍್ಯಾಂಕ್ ಒನ್ ಪೆನ್ಷನ್ ಹೋರಾಟ ಶುರುವಾಗಿತ್ತು, ಒಂದೇ ದರ್ಜೆ, ಅಷ್ಟೇ ಸರ್ವಿಸ್ ಇದ್ದವರಿಗೆಲ್ಲ ಒಂದೇ ಪಿಂಚಣಿ ಅಂತ. ಆಗಸ್ಟಿನಲ್ಲಿ ನಾನು ಕರ್ನಾಟಕ ಎಕ್ಸ್‌ಪ್ರೆಸ್ ಹತ್ತಿ ಹೋದೆ, ಎರಡು ರಾತ್ರಿಯ ದಾರಿ. ಎದೆಗೆ ಮೆಡಲ್ ಹಾಕಿಕೊಂಡು ಹತ್ತು ದಿನ ಕೂತೆ. ಸೆಪ್ಟೆಂಬರ್ 5ಕ್ಕೆ ಘೋಷಣೆ ಆಯಿತು. ಆಮೇಲೆ ಅದರಲ್ಲಿ ಏನಿದೆ ಏನಿಲ್ಲ ಅನ್ನುವ ಚರ್ಚೆ, ಫೋನು, ಸಭೆ. ನವೆಂಬರ್ 7ಕ್ಕೆ ಆದೇಶ ಬಂತು. ಒಂದು ದಿನ ನಿನ್ನ ಅಕ್ಕ ಬಂದು "ಅಪ್ಪಾ, ಆ ಅರ್ಜಿ?" ಅಂದಳು. ತಾರೀಖು ತಾಳೆ ಆಗಲಿಲ್ಲ. ತಿದ್ದಿಸೋಕೆ ದಿನ ಉಳಿದಿರಲಿಲ್ಲ.

ನಾಲ್ಕು ವರ್ಷದ್ದು ಕೂಡಿದರೆ ಲಕ್ಷಕ್ಕಿಂತ ಜಾಸ್ತಿ. ಅವಳು ಸಂಜೆ ಟ್ಯೂಷನ್ ಹೇಳಿ ಹಾಸ್ಟೆಲ್ ಫೀಸು ಕಟ್ಟಿದಳು. ಒಂದು ದಿನವೂ ಆಡಿ ತೋರಿಸಲಿಲ್ಲ, ಅದೇ ನನಗೆ ಹೆಚ್ಚು ನೋವು. ಹೋರಾಟಕ್ಕೆ ಹೋಗಿದ್ದು ತಪ್ಪು ಅಂತ ಇವತ್ತಿಗೂ ಅನ್ನಲ್ಲ. ಹೋಗುವ ಮುಂಚೆ ಒಂದು ಅಫಿಡವಿಟ್ ಮಾಡಿಸಿಟ್ಟು ಹೋಗಬಹುದಿತ್ತು.

ನಿನ್ನ ಪ್ರಶ್ನೆ ಬಿಟ್ಟು ಎಲ್ಲೆಲ್ಲೋ ಹೋದೆ. ಇಲ್ಲ, ಹೋಗಿಲ್ಲ ಅನ್ನಿಸುತ್ತೆ. ನೀನು ಹೆಸರಿನ ಬಗ್ಗೆ ಕೇಳಿದೆ, ನಾನು ತಾರೀಖಿನ ಬಗ್ಗೆ ಹೇಳಿದೆ. ಕಾಗದ ನಿನ್ನನ್ನು ಏನು ಅಂತ ಬರೆಯುತ್ತೋ ಅದು ನಿನ್ನ ಕೈಯಲ್ಲಿಲ್ಲ. ಅದರಲ್ಲಿ ತಪ್ಪಿಲ್ಲದ ಹಾಗೆ ನೋಡಿಕೊಳ್ಳೋದು ಮಾತ್ರ ನಿನ್ನ ಕೈಯಲ್ಲಿದೆ. ಕೇಂದ್ರದ ಪೊಲೀಸ್ ಪಡೆಗಳಲ್ಲಿ ನಿಮಗೆ ಮೀಸಲು ಇದೆ, 2022ರಲ್ಲಿ ನೂರಕ್ಕೆ ಹತ್ತು ಅಂದಿದ್ದರು, ಮೊದಲ ಬ್ಯಾಚಿನವರಿಗೆ ವಯಸ್ಸಿನಲ್ಲಿ ಐದು ವರ್ಷ ರಿಯಾಯಿತಿ. ಅದಕ್ಕೆ ಅರ್ಜಿ ಹಾಕುವಾಗ ಒಂದು ಅಕ್ಷರ ಹೆಚ್ಚುಕಮ್ಮಿ ಆದರೂ ತೊಂದರೆ.

ಇನ್ನೊಂದು ಹೇಳಬೇಕು. 2001ರ ಡಿಸೆಂಬರ್ 13ಕ್ಕೆ ಪಾರ್ಲಿಮೆಂಟಿನ ಮೇಲೆ ದಾಳಿ ಆಯಿತು. ಸ್ವಲ್ಪ ದಿನಕ್ಕೇ ನಮ್ಮನ್ನೆಲ್ಲ ಗಡಿಗೆ ಕಳಿಸಿದರು. ಹೊಲಗಳಲ್ಲಿ ನೆಲಬಾಂಬ್ ಹೂಳುವುದು ನಮ್ಮ ಕೆಲಸ. ಯುದ್ಧ ಆಗಲಿಲ್ಲ. ಮುಂದಿನ ವರ್ಷ ಹೂಳಿದ್ದನ್ನೆಲ್ಲ ತೆಗೆಯಬೇಕಾಯಿತು. ಮಳೆಗೆ ಮಣ್ಣು ಸರಿದಿತ್ತು, ನಕ್ಷೆಯಲ್ಲಿ ಗುರುತು ಮಾಡಿದ ಜಾಗದಲ್ಲಿ ಕೆಲವು ಇರಲಿಲ್ಲ. ನನ್ನ ಸೆಕ್ಷನ್ನಿನ ಒಬ್ಬ ಹುಡುಗ ಅಲ್ಲೇ ಹೋದ. ಇಪ್ಪತ್ತಮೂರು ವರ್ಷ ವಯಸ್ಸು, ಸರ್ವಿಸ್ ಮೂರು ವರ್ಷ ಚಿಲ್ಲರೆ. ನಿನಗಿಂತ ಕಮ್ಮಿ. ಅವನ ಊರಿಗೆ ಪೆಟ್ಟಿಗೆ ತಗೊಂಡು ಹೋದವರಲ್ಲಿ ನಾನೂ ಒಬ್ಬ. ಆ ಊರಲ್ಲಿ ಎಷ್ಟು ವರ್ಷ ಇದ್ದ ಅಂತ ಯಾರೂ ಕೇಳಲಿಲ್ಲ. ನಮ್ಮ ಸಿಪಾಯಿ ಅಂದರು. ಅವರಪ್ಪ ನನ್ನ ಕೈ ಹಿಡಿದುಕೊಂಡು, ಕೆಲಸ ಚೆನ್ನಾಗಿ ಮಾಡ್ತಿದ್ದನಾ ಅಂತ ಅಷ್ಟೇ ಕೇಳಿದರು. ಮಾಡ್ತಿದ್ದ ಅಂದೆ. ನಿನ್ನ ಸಾಲು ಓದಿದ ರಾತ್ರಿ ಆ ಯಜಮಾನರ ಕೈ ನೆನಪಾಯಿತು. ನೀನು ಬದುಕಿ, ಕೈಕಾಲು ಗಟ್ಟಿಯಾಗಿ ಮನೆಗೆ ಬರ್ತೀಯ. ನನಗೆ ಅದರ ಮುಂದೆ ಬೇರೇನೂ ಕಾಣಲ್ಲ. ನಿನಗೆ ಕಾಣುತ್ತೆ, ನಿನ್ನ ವಯಸ್ಸಿಗೆ ಕಾಣಲೇಬೇಕು. ಅದಕ್ಕೇ ನನ್ನ ಮಾತು ನಿನಗೆ ಪೂರ್ತಿ ಸಮಾಧಾನ ಕೊಡಲ್ಲವೇನೋ.

ದುಡ್ಡಿನ ವಿಷಯ ಹೇಳೋಕೆ ಸಂಕೋಚ. ಮೊದಲ ವರ್ಷ ಕೈಗೆ ಬರುತ್ತಿದ್ದ 21,000ದಲ್ಲೂ ಮನೆಗೆ ಕಳಿಸಿದವನು ನೀನು, ನಿನಗೆ ನಾನೇನು ಹೇಳಲಿ? ಸೇವಾನಿಧಿ ಅಂತ ಕೊನೆಗೆ ಬಡ್ಡಿ ಸೇರಿ 11.71 ಲಕ್ಷ ಬರುತ್ತೆ. ಅದರಲ್ಲಿ ಅರ್ಧ ನಿನ್ನ ಸಂಬಳದಿಂದಲೇ ಹಿಡಿದದ್ದು. ಈಗಾಗಲೇ ಇಬ್ಬರು ಸೈಟ್ ಇದೆ ಅಂತ ನಿಮ್ಮಪ್ಪನ ಹತ್ತಿರ ಬಂದು ಹೋಗಿದ್ದಾರೆ. ಒಂದು ವರ್ಷ ಅದನ್ನು ಬ್ಯಾಂಕಿನಲ್ಲೇ ಬಿಡು. ನಾನು ಕೇಳಿದರೂ ಕೊಡಬೇಡ.

ಬಂದ ಮಾರನೇ ದಿನ ನಿನಗೂ ನಾಲ್ಕೂವರೆಗೆ ಎಚ್ಚರ ಆಗುತ್ತೆ. ಜಗಲಿ ಮೇಲೆ ಒಬ್ಬನೇ ಕೂರಬೇಡ. ನಮ್ಮ ಮನೆಗೆ ಬಾ. ಆ ಹೊತ್ತಿಗೆ ನಾನು ಹಸು ಹಿಂಡುತ್ತಿರುತ್ತೇನೆ, ಕ್ಯಾನ್ ಹಿಡಿಯೋಕೆ ಒಬ್ಬರು ಬೇಕು. ಡೈರಿವರೆಗೆ ಒಟ್ಟಿಗೆ ಹೋಗೋಣ. ದಾರಿಯಲ್ಲಿ ಯಾರಾದರೂ ಏನಾದರೂ ಅಂತ ಕರೆದೇ ಕರೀತಾರೆ.

ಈ ಭಾನುವಾರ ಒಂದು ಕೆಲಸ ಮಾಡು. ನಿನ್ನ ಎಸ್ಎಸ್ಎಲ್‌ಸಿ ಅಂಕಪಟ್ಟಿ, ಆಧಾರ್, ಸರ್ವಿಸ್ ಕಾಗದದಲ್ಲಿ ಹೆಸರು ಮತ್ತು ಹುಟ್ಟಿದ ತಾರೀಖು ಇರುವ ಪುಟ, ಮೂರನ್ನೂ ಪಕ್ಕ ಪಕ್ಕ ಇಟ್ಟು ನೋಡು. ನಿಮ್ಮಪ್ಪನ ಹೆಸರನ್ನು ಶಾಲೆಯಲ್ಲಿ ಗೌಡ ಸೇರಿಸಿ ಬರೆಸಿದ್ದರು ಅಂತ ನೆನಪು, ಅದನ್ನೂ ನೋಡು. ಅಂಕಪಟ್ಟಿ, ಆಧಾರ್ ಎರಡರ ನಕಲೂ ಇಲ್ಲೇ ನಿಮ್ಮಮ್ಮನ ಹತ್ತಿರ ಇದೆ, ನಾನು ಇವತ್ತೇ ಇಸ್ಕೊಳ್ಳುತ್ತೇನೆ. ಸರ್ವಿಸ್ ಕಾಗದದಲ್ಲಿ ಹೇಗಿದೆಯೋ ಹಾಗೇ, ಒಂದು ಚುಕ್ಕಿಯೂ ಬಿಡದೆ, ಮುಂದಿನ ಕಾಗದದಲ್ಲಿ ಬರೆದು ಕಳಿಸು. ಕನ್ನಡಕ ಹಾಕಿಕೊಂಡು ಕೂತು ನಾನೂ ಒಂದು ಸಲ ತಾಳೆ ನೋಡುತ್ತೇನೆ.

ಇಂತಿ,
ನಿನ್ನ ದೊಡ್ಡಪ್ಪ